ಗೋಸುಂಬೆ ಮರಿ ಹಗಲಲ್ಲೇ ಕಣ್ಣು ಮುಚ್ಚಿ ಕೂರ್ತಿದೆ, ಮೂರು ದಿನದಿಂದ ಊಟ ಇಲ್ಲ – ಅರ್ಜೆಂಟ್

ಘೋಡ್‌ಬಂದರ್1204 (ಠಾಣೆ) – ಮಂಗಳವಾರ, ರಾತ್ರಿ 11:38

ನಮಸ್ಕಾರ. ಮೊದಲ ಸಲ ಸಾಕ್ತಾ ಇರೋದು. ವೇಲ್ಡ್ ಗೋಸುಂಬೆ ಮರಿ, ಮೂರು ತಿಂಗಳದ್ದು ಅಂತ ಕೊಟ್ಟರು, ಮನೆಗೆ ಬಂದು ಮೂರು ವಾರ. ಮೊದಲ ಎರಡು ವಾರ ಚೆನ್ನಾಗೇ ಇತ್ತು, ನಾಲಿಗೆ ಚಾಚಿ ಹುಳ ಹಿಡೀತಿತ್ತು. ಈಗ ಮಧ್ಯಾಹ್ನ 12ಕ್ಕೂ ಕಣ್ಣು ಮುಚ್ಚಿ ಕೂತಿರುತ್ತೆ. ಹುಳ ಮೈಮೇಲೆ ಹತ್ತಿದರೂ ಅಲ್ಲಾಡಲ್ಲ. ಬಣ್ಣ ಕಂದು, ಕೆಲವು ಸಲ ಕಪ್ಪು.

ಪುಸ್ತಕದಲ್ಲಿ ಹೇಳಿದ್ದೆಲ್ಲ ಮಾಡಿದೀನಿ. ಬಿಸಿಲಿನ ಕಿರಣ ಕೊಡೋ ಯುವಿಬಿ ಬಲ್ಬ್ ಇದೆ, ಬಿಸಿ ಬಲ್ಬ್ ಇದೆ, ಜಾಲರಿ ಗೂಡು, ಕ್ಯಾಲ್ಸಿಯಂ ಪುಡಿ, ಹುಳ, ನೀರು, ಎಲ್ಲ ಇದೆ. ಮಾರಿದವನು ಫೋನ್ ಎತ್ತಲ್ಲ. ಮಗಳು ಸ್ಕೂಲಿಂದ ಬಂದವಳೇ ಗೂಡಿನ ಮುಂದೆ ಕೂತು ಅಳ್ತಾಳೆ. ದಯವಿಟ್ಟು ‘ಹೊಸ ಜಾಗಕ್ಕೆ ಹೊಂದಿಕೊಳ್ಳಲಿ, ಕಾದು ನೋಡಿ’ ಅನ್ನಬೇಡಿ. ಮೂರು ದಿನದಿಂದ ಅದನ್ನೇ ಮಾಡ್ತಿರೋದು.

ಟ್ಯೂಬ್‌ಲೈಟ್ ಭಟ್ಟ (ಮುಲುಂಡ್) – ರಾತ್ರಿ 11:52

ಯುವಿಬಿ ಅಂದ್ರೆ ಯಾವುದು ಮಾರಾಯ್ರೆ? ಸುರುಳಿ ಸುತ್ತಿದ ಕಾಯಿಲ್ ಬಲ್ಬಾ, ಉದ್ದದ ಟಿ5 ಟ್ಯೂಬಾ? ಕಾಯಿಲ್ ಆದ್ರೆ ಮುಂದೆ ಓದುವುದೇ ಬೇಡ, ಅದನ್ನು ತೆಗೆದು ಬಿಸಾಡಿ. ಹತ್ತರಲ್ಲಿ ಒಂಬತ್ತು ಕಣ್ಣಿನ ಕೇಸು ಬಲ್ಬಿನದ್ದೇ.

ಘೋಡ್‌ಬಂದರ್1204 – ರಾತ್ರಿ 11:55

ಡಬ್ಬದ ಮೇಲೆ ಯುವಿಬಿ 10.0 ಅಂತ ಇದೆ. ಸುರುಳಿನೇ. ಅಂಗಡಿಯವನು ಇದೇ ಬೆಸ್ಟ್ ಅಂದ.

ಟ್ಯೂಬ್‌ಲೈಟ್ ಭಟ್ಟ – ಬುಧವಾರ, ರಾತ್ರಿ 12:10

ಸಿಕ್ಕಿತು ನೋಡಿ. ಕಾಯಿಲ್‌ನ ಬೆಳಕು ಒಂದು ಕಡೆ ಸುರಿದ ಹಾಗೆ ಬೀಳ್ತದೆ. ಹತ್ತಿರ ಇಟ್ಟರೆ ಕಣ್ಣಿಗೆ ಹೊಡೆತ, ದೂರ ಇಟ್ಟರೆ ಏನೂ ಇಲ್ಲ. ವೇಲ್ಡ್‌ಗೆ ಬೇಕಾದ್ದು ಟಿ5, ಯುವಿಬಿ ಶಕ್ತಿ 5.0 ಅಥವಾ 6 ಶೇಕಡಾದ್ದು, ಗೂಡಿನ ಅಗಲಕ್ಕೆ ಮಲಗಿಸಿ, ಜಾಲರಿಯಿಂದ ಎಂಟೊಂಬತ್ತು ಇಂಚು ಕೆಳಗೆ ಕೊಂಬೆ. ಬೆಳಕು ಉರೀತಾ ಇದ್ರೂ ಆರರಿಂದ ಹನ್ನೆರಡು ತಿಂಗಳಲ್ಲಿ ಯುವಿಬಿ ಇಳಿದು ಹೋಗ್ತದೆ, ಬರೆದಿಟ್ಟುಕೊಳ್ಳಿ. ಕಿಟಕಿ ಪಕ್ಕ ಇಟ್ಟಿದ್ದೇನೆ, ಬಿಸಿಲು ಬರ್ತದೆ ಅಂತ ಯಾರಾದ್ರೂ ಹೇಳುವ ಮೊದಲು ನಾನೇ ಹೇಳ್ತೇನೆ: ಗಾಜಿನಲ್ಲಿ ಯುವಿಬಿ ದಾಟುವುದಿಲ್ಲ.

ಕೊಥ್ರೂಡ್ ಹುಳ (ಪುಣೆ) – ಬುಧವಾರ, ಬೆಳಿಗ್ಗೆ 7:05

ಭಟ್ರ, ನಿಮಗ ಲೋಕದಾಗ ಟ್ಯೂಬ್ ಬಿಟ್ಟರ ಬ್ಯಾರೆ ಏನೂ ಕಾಣಂಗಿಲ್ಲ ನೋಡ್ರಿ.

ಘೋಡ್‌ಬಂದರ್ ಸಾಹೇಬ್ರ, ಕ್ರಿಕೆಟ್ ಹುಳಾ ಎಷ್ಟ ದೊಡ್ಡದ ಕೊಡಾಕತ್ತೀರಿ? ಮರೀದು ಎರಡೂ ಕಣ್ಣಿನ ನಡುವ ಎಷ್ಟ ಅಗಲ ಐತಿ, ಅದಕ್ಕಿಂತ ದೊಡ್ಡದ ಕೊಡಬ್ಯಾಡ್ರಿ. ಮೈಮ್ಯಾಲೆ ಹತ್ತತಾವ ಅಂದ್ರಿ, ಅಂದ್ರ ರಾತ್ರಿನೂ ಗೂಡಿನಾಗ ಬಿಟ್ಟಿರ್ತೀರಿ. ಹಸದ ಕ್ರಿಕೆಟ್ ಮಲಗಿದ ಮರೀನ ಕಚ್ಚತೈತಿ. ಸಂಜಿ ಆದ ಕೂಡಲೆ ಎಲ್ಲಾ ಹೊರಗ ತಗೀರಿ. ಇನ್ನ ಹುಳಕ್ಕ ಏನ್ ತಿನಸ್ತೀರಿ? ನಾ ನುಗ್ಗಿ ಸೊಪ್ಪು, ಗಜ್ಜರಿ ಹಾಕತೀನಿ. ಹುಳದ ಹೊಟ್ಟಿ ಖಾಲಿ ಇದ್ರ ಮರಿ ತಿಂದದ್ದೂ ಖಾಲಿನ.

ಘೋಡ್‌ಬಂದರ್1204 – ಬೆಳಿಗ್ಗೆ 8:20

ಚಿಕ್ಕ ಹುಳನೇ. ರಾತ್ರಿ ತೆಗೆಯೋದು ಗೊತ್ತಿರಲಿಲ್ಲ, ಇವತ್ತಿಂದ ತೆಗೀತೀನಿ. ಆದರೆ ಕಣ್ಣು ಮುಚ್ಚೋದು ಯಾಕೆ?

ಹಸಿರುಮನೆ (ಅಂಧೇರಿ) – ಬೆಳಿಗ್ಗೆ 9:14

ಬಣ್ಣ ಕಪ್ಪಗಾಗ್ತಿದೆ ಅಂದ್ರಲ್ಲ, ಗೂಡಿನ ಹಿಂದೆ ಹಸಿರು ಕಾಗದ ಅಂಟಿಸಿ ನೋಡಿ. ಸುತ್ತ ಹಸಿರು ಇದ್ರೆ ಹಸಿರಾಗುತ್ತೆ.

ಕೊಥ್ರೂಡ್ ಹುಳ – ಬೆಳಿಗ್ಗೆ 9:21

ಯಪ್ಪಾ! ಗ್ವಾಡಿ ನೋಡಿ ಬಣ್ಣಾ ಬದಲಸಾಕ ಅದೇನ್ ಏಶಿಯನ್ ಪೇಂಟ್ಸ್ ಡಬ್ಬಿ ಏನ್ರಿ? ಚಳಿ ಆದ್ರ, ಅಂಜಿದ್ರ, ಜಡ್ಡ ಬಂದ್ರ ಕಪ್ಪ ಆಗತೈತಿ. ಜಿನೀವಾ ವಿಶ್ವವಿದ್ಯಾಲಯದವರು 2015ರಾಗ ಪ್ಯಾಂಥರ್ ಗೋಸುಂಬಿ ಮ್ಯಾಲೆ ತೋರಿಸ್ಯಾರ: ಚರ್ಮದ ಒಳಗ ಗ್ವಾನೀನ್ ಅನ್ನೋ ಸಣ್ಣ ಹರಳ ಅದಾವ, ಅವು ಒಂದಕ್ಕೊಂದು ಹತ್ರ ಇದ್ರ ಹಸರು-ನೀಲಿ, ದೂರ ಸರದ್ರ ಹಳದಿ-ಕೆಂಪು. ಕಾಗದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ.

ವಾಸ್ಕೋ ಬಾಲ್ಕನಿ (ಗೋವಾ) – ಬೆಳಿಗ್ಗೆ 10:40

ನನ್ನದು ನಾಲ್ಕಡಿ ಎತ್ತರ, ಎರಡಡಿ ಅಗಲದ ಅಲ್ಯೂಮಿನಿಯಂ ಜಾಲರಿ ಗೂಡು, ಇಲ್ಲೇ ವಾಸ್ಕೋದಲ್ಲಿ ಫ್ಯಾಬ್ರಿಕೇಟರ್ ಕೈಲಿ ಮಾಡಿಸಿದ್ದು. ಒಳಗೆ ಎರಡು ದಾಸವಾಳ, ಒಂದು ಮನಿ ಪ್ಲಾಂಟ್. ಎಲೆಗೆ ಮಂಜಿನ ಹಾಗೆ ನೀರು ಸಿಂಪಡಿಸೋ, ಟೈಮರ್ ಹಾಕಿದ ಮಿಸ್ಟಿಂಗ್ ಪಂಪ್, ನಾಲ್ಕು ನಾಝಲ್, ಬೆಳಿಗ್ಗೆ ದೀಪ ಹತ್ತುವ ಮೊದಲು ಎರಡು ನಿಮಿಷ, ರಾತ್ರಿ ಆರಿದ ಮೇಲೆ ಎರಡು ನಿಮಿಷ. ಕೆಳಗೆ ಡ್ರೈನ್ ಟ್ರೇ, ಪೈಪ್ ನೇರ ಬಾಲ್ಕನಿ ಮೋರಿಗೆ. ಮಳೆ ಇಲ್ಲದ ಬೆಳಿಗ್ಗೆ ಅರ್ಧ ಗಂಟೆ ನಿಜವಾದ ಬಿಸಿಲು. ಫೋಟೋ ಹಾಕಿದೀನಿ ನೋಡಿ. ದಾಸವಾಳದ ಹೂವನ್ನೂ ತಿನ್ನುತ್ತೆ ನಮ್ಮ ರಾಜ.

ಟ್ಯೂಬ್‌ಲೈಟ್ ಭಟ್ಟ – ಬೆಳಿಗ್ಗೆ 10:58

ಗೂಡು ಚಂದ ಉಂಟು. ಟ್ಯೂಬ್ ಎಷ್ಟು ವ್ಯಾಟ್?

ವಾಸ್ಕೋ ಬಾಲ್ಕನಿ – ಬೆಳಿಗ್ಗೆ 11:03

24. ಕಾಯಿಲ್ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸತ್ಯ ಭಟ್ರೇ.

ಕೊಥ್ರೂಡ್ ಹುಳ – ಬೆಳಿಗ್ಗೆ 11:10

ಓತಿಕ್ಯಾತಕ್ಕ ಬೇಲಿಗೂಟ ಸಾಕ್ಷಿ.

ವಾಸ್ಕೋ ಬಾಲ್ಕನಿ – ಬೆಳಿಗ್ಗೆ 11:16

ಗಾದೆ ಸರಿ, ಪ್ರಾಣಿ ತಪ್ಪು. ಓತಿಕ್ಯಾತ ಬೇರೆ, ಊಸರವಳ್ಳಿ ಬೇರೆ.

ಟ್ಯೂಬ್‌ಲೈಟ್ ಭಟ್ಟ – ಬೆಳಿಗ್ಗೆ 11:30

ನಮ್ಮ ಕಡೆ ಓಂತಿ ಅಂದ್ರೆ ಬೇಲಿ ಮೇಲೆ ಕೂತು ತಲೆ ಆಡಿಸುವುದು, ಕುತ್ತಿಗೆ ಕೆಂಪು ಮಾಡಿಕೊಳ್ಳುವುದು. ಗೋಸುಂಬೆ ಅಂದ್ರೆ ಕಾಲನ್ನು ಇಕ್ಕಳದ ಹಾಗೆ ಹಿಡಿದು ನಿಧಾನ ನಡೆಯುವುದು, ಎರಡು ಕಣ್ಣು ಎರಡು ದಿಕ್ಕಿಗೆ. ಇಲ್ಲಿ ಮರಾಠಿಯವರು ಎರಡಕ್ಕೂ ಸರಡಾ ಅಂತಾರೆ, ಅದಕ್ಕೇ ಗೊಂದಲ.

ಪ್ರಾಣಿದಯೆ (ಚೆಂಬೂರ್) – ಮಧ್ಯಾಹ್ನ 12:45

ಎಲ್ಲರೂ ಬಲ್ಬು, ಗಾದೆ ಅಂತ ಕೂತಿದೀರಿ. ಕಾಗದ ಇದೆಯಾ ಅಂತ ಒಬ್ಬರಾದರೂ ಕೇಳಿದಿರಾ? ನಮ್ಮ ಕಾಡಿನ ಗೋಸುಂಬೆಯಾದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ, ಮನೆಯಲ್ಲಿ ಸಾಕೋ ಹಾಗೇ ಇಲ್ಲ, ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ ಒಪ್ಪಿಸಬೇಕು. ಯೆಮೆನ್, ಸೌದಿ ಕಡೆಯ ವೇಲ್ಡ್ ಆದರೂ ಅದು ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಲೇಬೇಕು. ಎಲ್ಲಿಂದ ತಂದಿರಿ?

ಘೋಡ್‌ಬಂದರ್1204 – ಮಧ್ಯಾಹ್ನ 1:30

ಮೇಡಂ, ಬ್ರೀಡರ್ ಹತ್ತಿರ ಕೊಂಡಿದ್ದು, ರಸೀದಿ ಇದೆ. ನೋಂದಣಿ ಅರ್ಜಿ ಹಾಕ್ತೀನಿ. ಈಗ ಮರಿ ಬದುಕಿದರೆ ತಾನೇ ನೋಂದಣಿ? ಫೋಟೋ ಹಾಕಿದೀನಿ ನೋಡಿ.

ಪ್ರಾಣಿದಯೆ (ಚೆಂಬೂರ್) – ಮಧ್ಯಾಹ್ನ 1:41

ಹಾಕ್ತೀನಿ ಅಲ್ಲ, ತರುವಾಗಲೇ ನೋಡಿಕೊಳ್ಳಬೇಕಿತ್ತು.

ನಿರ್ವಾಹಕ – ಮಧ್ಯಾಹ್ನ 2:00

ನೋಂದಣಿ ಚರ್ಚೆಗೆ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ಗಾದೆಗಳನ್ನೂ.

ಮಾಟುಂಗಾ ಅಕ್ಕ – ಮಧ್ಯಾಹ್ನ 3:25

ಫೋಟೋ ನೋಡಿದೆ. ಕಣ್ಣಿನ ಗುಡ್ಡೆ ಉಬ್ಬಿರಬೇಕು, ಇದರದ್ದು ಒಳಗೆ ಕುಸಿದಿದೆ, ಮೇಲುಗಡೆ ಚಿಕ್ಕ ಗುಳಿ ಬಿದ್ದಿದೆ. ಭಟ್ರೇ, ಬಲ್ಬು ಒಂದು ಗಳಿಗೆ ಬದಿಗಿಡಿ.

ತಮ್ಮಾ, ಮೂರು ಪ್ರಶ್ನೆ. ಒಂದು, ಹಿಕ್ಕೆಯ ಜೊತೆ ಬರೋ ಬಿಳಿ ಭಾಗ ಬಿಳಿಯಾಗೇ ಇದೆಯಾ? ಎರಡು, ಗೂಡು ಇರೋ ಕೋಣೆ ಯಾವುದು? ಮೂರು, ‘ನೀರು ಇದೆ’ ಅಂದೆಯಲ್ಲ, ನೀರು ಹೇಗೆ ಕೊಡ್ತೀ?

ಘೋಡ್‌ಬಂದರ್1204 – ಮಧ್ಯಾಹ್ನ 3:50

1. ಬಿಳಿ ಅಲ್ಲ ಅಕ್ಕ, ಕಿತ್ತಳೆ ಬಣ್ಣ. ಸಿಮೆಂಟ್ ಹಾಗೆ ಗಟ್ಟಿ.
2. ಮಗಳ ರೂಮು. ಮಳೆಗಾಲದ ಸೆಖೆ ತಡೆಯಲ್ಲ ಅಂತ ಎಸಿ ಹಾಕಿರ್ತೀವಿ, 24ರಲ್ಲಿ, ಹೆಚ್ಚೂಕಡಿಮೆ ಇಡೀ ದಿನ.
3. ಸ್ಟೀಲ್ ಬಟ್ಟಲಲ್ಲಿ. ಫಿಲ್ಟರ್ ನೀರು, ದಿನಾ ಎರಡು ಸಲ ತೊಳೆದು ಬದಲಾಯಿಸ್ತೀನಿ. ಮೊದಲು ಬ್ರೀಡರ್ ಕೊಟ್ಟ ಸ್ಪ್ರೇ ಬಾಟ್ಲಿ ಇತ್ತು, ಹತ್ತು ದಿನದ ಹಿಂದೆ ಅದರ ಮೂತಿ ಮುರೀತು.

ಕೊಥ್ರೂಡ್ ಹುಳ – ಮಧ್ಯಾಹ್ನ 3:52

ಬಟ್ಟಲಾ?

ವಾಸ್ಕೋ ಬಾಲ್ಕನಿ – ಮಧ್ಯಾಹ್ನ 3:53

ಬಟ್ಟಲು!

ಮಾಟುಂಗಾ ಅಕ್ಕ – ಮಧ್ಯಾಹ್ನ 4:05

ಸುಮ್ಮನಿರಿ ಎಲ್ಲರೂ. ಅವನಿಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ತಮ್ಮಾ, ನಿನ್ನ ಮರಿಗೆ ಬಾಯಾರಿಕೆ. ಬಟ್ಟಲಲ್ಲಿ ನಿಂತ ನೀರು ಗೋಸುಂಬೆಗೆ ನೀರು ಅಂತ ತಿಳಿಯೋದೇ ಅಪರೂಪ. ಎಲೆ ಮೇಲೆ ಹನಿ ಹೊಳೆಯಬೇಕು, ಅದನ್ನು ನೆಕ್ಕಿ ಕುಡಿಯೋ ಜಾತಿ ಇದು. ಅದರ ನಾಡಲ್ಲಿ ಹಗಲು ಒಣ ಇದ್ದರೂ ರಾತ್ರಿಯ ಮಂಜಿನಲ್ಲಿ ಎಲೆ ಒದ್ದೆಯಾಗುತ್ತೆ.

ಟ್ಯೂಬ್‌ಲೈಟ್ ಭಟ್ಟ – ಮಧ್ಯಾಹ್ನ 4:11

ಅಕ್ಕಾ, ಈ ತಿಂಗಳು ನಮ್ಮ ಮನೆಯಲ್ಲಿ ಹಪ್ಪಳ ಕೂಡ ಮೆತ್ತಗೆ ಆಗಿ ಕೂತಿದೆ. ಠಾಣೆಯ ಮಳೆಯಲ್ಲಿ ನೀರಿನ ಕೊರತೆ ಹೇಗೆ ಆಗ್ತದೆ? ನನಗೆ ಈಗಲೂ ಕಾಯಿಲ್ ಮೇಲೆಯೇ ಸಂಶಯ.

ಮಾಟುಂಗಾ ಅಕ್ಕ – ಮಧ್ಯಾಹ್ನ 4:19

ಹಪ್ಪಳ ಎಸಿ ರೂಮಲ್ಲಿ ಇಟ್ಟು ನೋಡಿ ಭಟ್ರೇ, ಗರಿಗರಿ ಇರುತ್ತೆ. ಗಾಳಿಯ ನೀರನ್ನು ಎಸಿ ಹೀರಿ ಪೈಪಿನಲ್ಲಿ ಹೊರಗೆ ಬಿಡುತ್ತೆ. ಮೇಲಿಂದ ಬಿಸಿ ಬಲ್ಬು. ಇನ್ನು ಗಾಳಿಯ ತೇವ ಬೇರೆ, ಕುಡಿಯೋ ನೀರು ಬೇರೆ. ಮಳೆಗಾಲದಲ್ಲಿ ನಮಗೆ ಬಾಯಾರಲ್ವಾ?

ಹಸಿರುಮನೆ (ಅಂಧೇರಿ) – ಮಧ್ಯಾಹ್ನ 4:30

ಡ್ರಾಪರ್‌ನಲ್ಲಿ ಬಾಯಿಗೆ ನೀರು ಹಾಕಿಬಿಡಿ. ಇಲ್ಲಾ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕೂರಿಸಿ, ನಮ್ಮ ಆಮೆಗೆ ಹಾಗೇ ಮಾಡ್ತೀವಿ.

ಕೊಥ್ರೂಡ್ ಹುಳ – ಮಧ್ಯಾಹ್ನ 4:32

ಮಾಡಬ್ಯಾಡ್ರಿ!! ಎರಡೂ ಬ್ಯಾಡ. ಬಾಯಾಗ ಒತ್ತಿ ಹಾಕಿದ್ರ ನೀರು ಶ್ವಾಸಕೋಶಕ್ಕ ಹೊಕ್ಕತೈತಿ. ಆಮಿ ಆಮಿ, ಗೋಸುಂಬಿ ಗೋಸುಂಬಿ.

ಹಸಿರುಮನೆ (ಅಂಧೇರಿ) – ಮಧ್ಯಾಹ್ನ 4:36

ಸಹಾಯ ಮಾಡೋಕೆ ಬಂದರೆ ಬೈಗುಳ. ಒಳ್ಳೆಯದಾಗಲಿ.

ಮಾಟುಂಗಾ ಅಕ್ಕ – ಸಂಜೆ 4:50

ನಾನು ನಾಲ್ಕು ವರ್ಷದಿಂದ ಮಾಡೋದು ಹೇಳ್ತೀನಿ, ಪಂಪು ಗಿಂಪು ಏನೂ ಬೇಡ. ಮೆಡಿಕಲ್ ಅಂಗಡಿಗೆ ಹೋಗಿ ಸಲೈನ್ ಹಾಕೋ ಪೈಪ್ ಸೆಟ್ ಕೇಳು. ಸೂಜಿ ತೆಗೆದು ಬಿಸಾಕು. ಮೇಲೆ ಒಂದು ಲೀಟರ್ ಬಾಟ್ಲಿ ತಲೆಕೆಳಗಾಗಿ ಕಟ್ಟಿ, ಅದರ ತಳಕ್ಕೆ ಗಾಳಿಗೆ ಒಂದು ತೂತು ಮಾಡಿ, ಪೈಪಿನ ತುದಿ ಗೂಡಿನ ಮೇಲಿನ ಎಲೆಗೆ ತಾಗೋ ಹಾಗೆ ಇಡು. ಪೈಪಿನಲ್ಲಿ ಸಣ್ಣ ಚಕ್ರ ಇರುತ್ತೆ, ಹೆಬ್ಬೆರಳಲ್ಲಿ ಉರುಳಿಸಿ ಸೆಕೆಂಡಿಗೆ ಒಂದು ಹನಿಗೆ ನಿಲ್ಲಿಸು. ಆಸ್ಪತ್ರೆಯಲ್ಲಿ ನರ್ಸ್ ಮಾಡ್ತಾರಲ್ಲ, ಅದೇ. ಕೆಳಗೆ ಬಕೆಟ್ ಮರೀಬೇಡ, ಕೆಳಮನೆಯವರು ಸೊಸೈಟಿಗೆ ಕಂಪ್ಲೇಂಟ್ ಕೊಡ್ತಾರೆ.

ಇವತ್ತಿಗೆ ಕಟಿಂಗ್ ಸಲೂನಿನ ಸ್ಪ್ರೇ ಬಾಟ್ಲಿ ಸಾಕು. ನೀರು ತಣ್ಣಗಿರಬಾರದು, ಮುಖಕ್ಕೆ ಹೊಡೀಬಾರದು, ಸುತ್ತಲಿನ ಎಲೆಗೆ ಹೊಡಿ. ಒಂದು ಸಲ ಪುಸ್ ಅಂತ ಮಾಡಿ ಹೋಗಬೇಡ, ಮೂರು ನಾಲ್ಕು ನಿಮಿಷ ಬಿಡದೆ. ಆಮೇಲೆ ಕೋಣೆಯಿಂದ ಆಚೆ ಬಾ. ನೋಡ್ತಾ ನಿಂತರೆ ಕುಡಿಯಲ್ಲ. ಮರಿ ಕೂತಿರೋ ಕಡೆ 27–29 ಡಿಗ್ರಿ ಇರಲಿ. ಎಸಿ ಬಂದ್, ಇಲ್ಲಾ ಗೂಡು ಹಾಲ್‌ಗೆ. ಮುಂದಿನ ದಿನಗಳಲ್ಲೂ ಎರಡು ಒದ್ದೆಯ ನಡುವೆ ಎಲೆ ಒಣಗಲಿ. ಯಾವಾಗಲೂ ತೊಟ್ಟಿಕ್ಕುತ್ತಿದ್ದರೆ ಎದೆ ಕಟ್ಟುತ್ತೆ.

ಇಷ್ಟಕ್ಕೇ ನಿಲ್ಲಿಸಬೇಡ. ಮೂರು ದಿನ ತಿನ್ನದ ಮರಿ, ನಾಳೆ ಬೆಳಿಗ್ಗೆಯೇ ಸರೀಸೃಪ ನೋಡೋ ಡಾಕ್ಟರ್ ಹತ್ತಿರ ಹೋಗು. ನಾಯಿ ಬೆಕ್ಕು ಮಾತ್ರ ನೋಡೋರು ಬೇಡ.

ಘೋಡ್‌ಬಂದರ್1204 – ಗುರುವಾರ, ಬೆಳಿಗ್ಗೆ 6:48

ನಿನ್ನೆ ರಾತ್ರಿ ಎಸಿ ಆರಿಸಿದೆವು, ಫ್ಯಾನ್‌ನಲ್ಲೇ ಮಲಗಿದೆವು. ಈಗ ಆರೂಕಾಲಿಗೆ ಸ್ಪ್ರೇ ಮಾಡಿದೆ. ಮನಿ ಪ್ಲಾಂಟ್ ಎಲೆ ತುದಿಯಲ್ಲಿ ಒಂದು ಹನಿ ನಿಂತಿತ್ತು, ಬೀಳ್ತಾನೂ ಇರಲಿಲ್ಲ. ಬಾಗಿಲ ಸಂದಿಯಿಂದ ನಾನೂ ಮಗಳೂ ನೋಡ್ತಿದ್ದೆವು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಎಡಗಣ್ಣು ಮಾತ್ರ ತೆರೀತು, ಸೂಜಿ ತೂತಿನಷ್ಟು. ಮೂಗು ಎಲೆಗೆ ತಾಗಿಸಿ ನಿಧಾನಕ್ಕೆ ಬಾಯಿ ಮುಚ್ಚಿ ತೆರೆದು, ಮುಚ್ಚಿ ತೆರೆದು, ಗಂಟಲು ಚಪ್ಪಟೆ ಚೀಲದ ಹಾಗೆ ಕೆಳಗೆ ಇಳಿದು ಮೇಲೆ ಬರ್ತಿತ್ತು. ಎಣಿಸಿದೆವು, ಹನ್ನೊಂದು ಸಲ. ನನ್ನ ಕೈ ಸ್ಪ್ರೇ ಹಿಡಿದಲ್ಲೇ ನಿಂತುಬಿಡ್ತು.

ಬಲಗಣ್ಣು ಇನ್ನೂ ಮುಚ್ಚಿದೆ. ಹತ್ತು ಗಂಟೆಗೆ ಡಾಕ್ಟರ್.

ಟ್ಯೂಬ್‌ಲೈಟ್ ಭಟ್ಟ – ಬೆಳಿಗ್ಗೆ 7:02

ಒಳ್ಳೆದಾಯ್ತು ಮಾರಾಯ್ರೆ. ಬಲಗಣ್ಣು ಬಲ್ಬಿನ ಕಡೆಗೆ ಉಂಟಾ?

ಘೋಡ್‌ಬಂದರ್1204 – ಶುಕ್ರವಾರ, ರಾತ್ರಿ 9:15

ತಡವಾಯ್ತು, ಕ್ಷಮಿಸಿ. ಡಾಕ್ಟರ್ ತೂಗಿದರು, 11 ಗ್ರಾಂ. ಚರ್ಮದ ಅಡಿಗೆ ಸ್ವಲ್ಪ ದ್ರವ ಕೊಟ್ಟರು, ಬಲಗಣ್ಣು ತೊಳೆದರು, ಡ್ರಾಪ್ಸ್ ಬರೆದುಕೊಟ್ಟರು. ನಿರ್ಜಲೀಕರಣ ಅಂತಲೇ ಹೇಳಿದರು. ಇವತ್ತು ಸಂಜೆ ಎರಡು ಚಿಕ್ಕ ಕ್ರಿಕೆಟ್ ತಿಂತು, ಮೊದಲನೆಯದಕ್ಕೆ ಗುರಿ ತಪ್ಪಿತು. ಬಲಗಣ್ಣು ಅರ್ಧ ತೆರೆದಿದೆ.

ಭಟ್ರೇ, ಕಾಯಿಲ್ ತೆಗೆದು ಟ್ಯೂಬ್ ಹಾಕಿ ಅಂತಲೂ ಹೇಳಿದರು.

ಟ್ಯೂಬ್‌ಲೈಟ್ ಭಟ್ಟ – ರಾತ್ರಿ 9:16

ಎಲ್ಲರೂ ಓದಿದಿರಲ್ಲಾ?

ಕೊಥ್ರೂಡ್ ಹುಳ – ರಾತ್ರಿ 9:24

ಓದಿದ್ವಿ. ನಿರ್ಜಲೀಕರಣ ಅನ್ನೋ ಸಾಲೂ ಓದಿದ್ವಿ.

ವಾಸ್ಕೋ ಬಾಲ್ಕನಿ – ರಾತ್ರಿ 9:40

ಅಕ್ಕಾ, ಆ ಸಲೈನ್ ಸೆಟ್‌ಗೆ ಎಷ್ಟಾಗುತ್ತೆ? ನನ್ನ ಪಂಪ್ ಹೋದ ವಾರದಿಂದ ಸದ್ದು ಮಾಡ್ತಿದೆ.

ಘೋಡ್‌ಬಂದರ್1204 – ರಾತ್ರಿ 10:05

ಇನ್ನೊಂದು ಕೇಳೋದಿತ್ತು. ಚೌತಿಗೆ ಊರಿಗೆ ಹೋಗಲೇಬೇಕು, ಐದು ದಿನ. ಅಷ್ಟು ದಿನ ಇದನ್ನು ಏನು ಮಾಡೋದು? ಪಕ್ಕದ ಮನೆಯವರು ಹಲ್ಲಿ ಕಂಡರೇ ಕಿರುಚ್ತಾರೆ.

ಮಾಟುಂಗಾ ಅಕ್ಕ – ರಾತ್ರಿ 10:20

ನಮ್ಮಲ್ಲಿಗೆ ತಂದಿಡು. ಒಳಕೋಣೆಯಲ್ಲಿ ಇಡ್ತೀನಿ, ನನ್ನದಕ್ಕೆ ಕಾಣೋ ಹಾಗಿಲ್ಲ, ಒಂದರ ಮುಖ ಒಂದು ಕಂಡರೆ ಎರಡೂ ಕಪ್ಪಗಾಗ್ತವೆ. ಸ್ಲೋ ಲೋಕಲ್‌ನಲ್ಲಿ ಬಾ, ಮಧ್ಯಾಹ್ನ ಹನ್ನೊಂದರ ಮೇಲೆ, ಜನ ಕಮ್ಮಿ. ಡಬ್ಬಕ್ಕೆ ಗಾಳಿ ತೂತು ಮಾಡಿ, ಒಳಗೆ ಹಿಡ್ಕೊಳ್ಳೋಕೆ ಒಂದು ಕಡ್ಡಿ ಇಟ್ಟು, ಮೇಲೆ ಬಟ್ಟೆ ಮುಚ್ಚು.

ಟ್ಯೂಬ್‌ಲೈಟ್ ಭಟ್ಟ – ರಾತ್ರಿ 10:26

ಠಾಣೆ ಬಿಟ್ಟ ಮೇಲೆ ಮೊದಲ ಸ್ಟೇಷನ್ನೇ ಮುಲುಂಡ್. ಎರಡು ನಿಮಿಷ ಇಳೀರಿ, ನನ್ನಲ್ಲಿ ಎರಡಡಿಯ ಒಂದು ಟಿ5 ಸುಮ್ಮನೆ ಕೂತಿದೆ, ಪಟ್ಟಿ ಸಮೇತ ಕೊಡ್ತೇನೆ. ಬೇಡ, ಚೌತಿವರೆಗೆ ಯಾಕೆ ಕಾಯುವುದು, ಭಾನುವಾರವೇ ಬನ್ನಿ. ಟಿಕೆಟ್ ಕಿಟಕಿ ಹತ್ತಿರ ನಿಂತಿರ್ತೇನೆ.