ಕೆಲಸ ಬಿಡುವಾಗ ಇಸಾಪ್: ಷೇರು ಮಾರುವ ಮೊದಲೇ ಇಷ್ಟು ತೆರಿಗೆನಾ?

ಪ್ರಶ್ನೆ:
ಐದು ವರ್ಷ ದುಡಿದ ಸ್ಟಾರ್ಟಪ್ ಬಿಡುತ್ತಿದ್ದೇನೆ. ಅಪ್ಪನಿಗೆ ಲಕ್ವ ಹೊಡೆದಿದೆ. ಒಂದು ವರ್ಷವಾದರೂ ಅವರ ಜೊತೆ ಮನೆಯಲ್ಲಿರಬೇಕು. ಕೊನೆಯ ದಿನ 2025ರ ಫೆಬ್ರವರಿ 28.

ಇಸಾಪ್ ಅಂದರೆ ಕಂಪನಿಯ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳಲು ನೌಕರರಿಗೆ ಕೊಡುವ ಹಕ್ಕು (ಆಪ್ಷನ್). ನನಗೆ ವೆಸ್ಟ್ ಆದ, ಅಂದರೆ ಈಗ ಬಳಸಬಹುದಾದ ಆಪ್ಷನ್‌ಗಳು 2,000. ನಾನು ಕೊಡಬೇಕಾದ್ದು ಷೇರಿಗೆ 10 ರೂಪಾಯಿ, ಮರ್ಚೆಂಟ್ ಬ್ಯಾಂಕರ್ (ಷೇರಿನ ಬೆಲೆ ಕಟ್ಟುವ ಅಧಿಕೃತ ಸಂಸ್ಥೆ) ಹಾಕಿದ ಬೆಲೆ 410. 90 ದಿನದೊಳಗೆ, ಅಂದರೆ ಮೇ 29ರೊಳಗೆ ತೆಗೆದುಕೊಳ್ಳದಿದ್ದರೆ ಎಲ್ಲ ಕೈಬಿಟ್ಟು ಹೋಗುತ್ತದೆ.

ಎಚ್‌ಆರ್ ಲೆಕ್ಕದಲ್ಲಿ ಈ ಎರಡು ಬೆಲೆಗಳ ವ್ಯತ್ಯಾಸ, ಷೇರಿಗೆ 400 ರೂಪಾಯಿಯಂತೆ 8 ಲಕ್ಷ ನನ್ನ ಸಂಬಳಕ್ಕೆ ಸೇರುತ್ತದೆ. ಸೆಸ್ ಸೇರಿ 31.2 ಪರ್ಸೆಂಟ್, 2,49,600 ತೆರಿಗೆ. ಷೇರಿನ 20,000 ಬೇರೆ. ಕಂಪನಿ ಷೇರುಪೇಟೆಯಲ್ಲಿ ಲಿಸ್ಟ್ ಆಗಿಲ್ಲ, ಮಾರಲು ಜಾಗವೇ ಇಲ್ಲ. ನನ್ನ ಹತ್ತಿರ ಇರುವುದು ಅಪ್ಪನ ಫಿಸಿಯೋಥೆರಪಿಗೆ ಇಟ್ಟ ದುಡ್ಡು. ಸುಮ್ನೆ ಬಿಟ್ಟುಬಿಡಲಾ?

ಉತ್ತರ 1:
ಬಿಡಬೇಡಿ. ಸ್ಟಾರ್ಟಪ್ ನೌಕರರು ಈ ತೆರಿಗೆಯನ್ನು ಮುಂದಕ್ಕೆ ಹಾಕಬಹುದು. 2020ರಿಂದ ಈ ನಿಯಮ ಇದೆ.

ಉತ್ತರ 2:
ಅದು ಇವರಿಗೆ ಆಗುವುದಿಲ್ಲ. ಸರ್ಕಾರದ ಮಂಡಳಿಯಿಂದ ಸರ್ಟಿಫಿಕೇಟ್ ಪಡೆದ ಸ್ಟಾರ್ಟಪ್‌ಗಳಿಗೆ ಮಾತ್ರ ಆ ಸೌಲಭ್ಯ. ಸಿಕ್ಕರೂ, ಕೆಲಸ ಬಿಟ್ಟ 14 ದಿನದೊಳಗೆ ತೆರಿಗೆ ಕಟ್ಟಬೇಕು.

ಮೇಡಂ, ನಿಮ್ಮ ದಾರಿ ತಾರೀಖಿನಲ್ಲಿದೆ. ಷೇರು ಯಾವ ಹಣಕಾಸು ವರ್ಷದಲ್ಲಿ ನಿಮ್ಮ ಹೆಸರಿಗೆ ಬರುತ್ತದೋ ಆ ವರ್ಷದ ಆದಾಯ ಅದು. ಕೆಲಸ ಬಿಟ್ಟ ಮೇಲೆ ತೆಗೆದುಕೊಂಡರೂ ಸಂಬಳ ಅಂತಲೇ ಲೆಕ್ಕ. ಈಗ ತೆಗೆದುಕೊಂಡರೆ ಈ ವರ್ಷದ ಸಂಬಳದ ಮೇಲೆ 8 ಲಕ್ಷ ಕೂರುತ್ತದೆ. ಏಪ್ರಿಲ್ 1ರ ನಂತರ ಆದರೆ? ಆ ವರ್ಷ ನಿಮಗೆ ಬೇರೆ ಸಂಬಳವೇ ಇಲ್ಲ, ಅಲ್ವಾ! 2025ರ ಬಜೆಟ್ ಪ್ರಕಾರ 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಸಂಬಳದ ಆದಾಯಕ್ಕೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಿಂದ ನೇರವಾಗಿ ಕಳೆಯುವ ಮೊತ್ತ) ಬೇರೆ. ನಿಮ್ಮ ತೆರಿಗೆ ಸೊನ್ನೆ.

ಎಫ್‌ಡಿ ಬಡ್ಡಿ, ಏಪ್ರಿಲ್ ನಂತರ ಬರುವ ಬಾಕಿ ಹಣ ಎಲ್ಲ ಇದಕ್ಕೇ ಸೇರುತ್ತದೆ, ಕೂಡಿಸಿ ನೋಡಿ. 410ರ ಬೆಲೆ ಯಾವಾಗ ಹಾಕಿದ್ದು ಅಂತಲೂ ಕೇಳಿ. 180 ದಿನ ದಾಟಿದ್ದರೆ ಹೊಸ ಬೆಲೆ ಬೇಕು, ಅದು ಜಾಸ್ತಿಯಾದರೆ ಲೆಕ್ಕ ಬದಲಾಗುತ್ತದೆ.

ನಾನು 2019ರ ಮಾರ್ಚ್‌ನಲ್ಲಿ ಆತುರಪಟ್ಟು ತೆಗೆದುಕೊಂಡು ಪೂರ್ತಿ ತೆರಿಗೆ ಕಟ್ಟಿದೆ. ಎರಡು ವರ್ಷಕ್ಕೆ ಕಂಪನಿ ಮುಚ್ಚಿತು. ಕಟ್ಟಿದ ತೆರಿಗೆ ವಾಪಸ್ ಬರಲಿಲ್ಲ. ನಿಮಗೆ ಹಾಗಾಗಬಾರದು.

ಪ್ರಶ್ನೆ ಕೇಳಿದವರು:
ಓದಿ ಕಣ್ಣು ತುಂಬಿತು. ಮುಂದೆ ಮಾರುವಾಗ 10 ರೂಪಾಯಿಯಿಂದ ಲಾಭ ಲೆಕ್ಕ ಹಾಕಬೇಕಾ?

ಉತ್ತರ 2:
ಇಲ್ಲ, 410ರಿಂದ. ಹೆಸರಿಗೆ ಬಂದ ದಿನದಿಂದ 24 ತಿಂಗಳು ದಾಟಿ ಮಾರಿದರೆ ಲಾಭಕ್ಕೆ 12.5 ಪರ್ಸೆಂಟ್, ಮೇಲೆ ಸೆಸ್. ಅದಕ್ಕೆ ಮೊದಲು ಮಾರಿದರೆ ನಿಮ್ಮ ಸ್ಲ್ಯಾಬ್ ದರ. ಬೆಲೆಯ ಪತ್ರ ಜೋಪಾನವಾಗಿಡಿ.

ಪ್ರಶ್ನೆ ಕೇಳಿದವರು:
ಎಚ್‌ಆರ್ ಜೊತೆ ಮಾತಾಡಿದೆ. ಬೆಲೆ ಜನವರಿಯದು. ಏಪ್ರಿಲ್ ಮೊದಲ ವಾರ ಅರ್ಜಿ ಹಾಕುತ್ತೇನೆ, ಷೇರು ಅದೇ ತಿಂಗಳು ಕೊಡುತ್ತಾರಂತೆ. 20,000 ಬೇರೆ ತೆಗೆದಿಟ್ಟಿದ್ದೇನೆ. ಫಿಸಿಯೋ ದುಡ್ಡು ಮುಟ್ಟಿಲ್ಲ.