ಗ್ರೀಕ್ ಹಡಗಿನಲ್ಲಿ ಮೆಸ್‌ಮ್ಯಾನ್ ಕೆಲಸ: 25 ದಿನದಲ್ಲಿ ಎಷ್ಟು ಗ್ರೀಕ್ ಕಲಿಯಬಹುದು?

ಕುಂಬಳೆಯವ:
ಮುಂದಿನ ತಿಂಗಳು ಒಂದು ಬಲ್ಕ್ ಕ್ಯಾರಿಯರ್‌ಗೆ (ಧಾನ್ಯ, ಕಲ್ಲಿದ್ದಲು ಥರದ ಸರಕು ತುಂಬುವ ಹಡಗು) ಮೆಸ್‌ಮ್ಯಾನ್ ಆಗಿ ಹತ್ತುತ್ತಿದ್ದೇನೆ. ಕ್ಯಾಪ್ಟನ್, ಚೀಫ್ ಇಂಜಿನಿಯರ್ ಇಬ್ಬರೂ ಗ್ರೀಕರಂತೆ. ಕೆಲಸದ ಭಾಷೆ ಇಂಗ್ಲಿಷೇ, ಗೊತ್ತು. ಆದರೂ ಊಟ ಬಡಿಸುವವನಿಗೆ ಅವರ ನಾಲ್ಕು ಮಾತು ಬಂದರೆ ಒಳ್ಳೆಯದು ಅಲ್ವಾ? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ, ಇನ್ನೊಂದು ಏನು ಮಹಾ ಅಂದುಕೊಂಡು ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಹತ್ತು ದಿನದಲ್ಲಿ 24 ಅಕ್ಷರದ ಗುರುತು ಸಿಕ್ಕಿತು, ಅಷ್ಟೇ. ಈಗ ಅದು ಆನೆ ಹಾಲು ಕುಡಿಯುತ್ತದೆ ಅಂತ ಕಲಿಸುತ್ತಿದೆ. ಹಡಗಿಗೆ ಆನೆ ಎಲ್ಲಿಂದ ಬರಬೇಕು? ಗ್ಯಾಲಿಗೆ, ಅಂದರೆ ಹಡಗಿನ ಅಡುಗೆಮನೆಗೆ, ಬೇಕಾದದ್ದನ್ನು ಯಾರಾದರೂ ಹೇಳಿ.

ಉಪ್ಪಳದ ಇಚ್ಚ:
ತಮ್ಮಾ, ನಾನು 11 ವರ್ಷ ಗ್ರೀಕರ ಹಡಗಿನಲ್ಲಿ ದುಡಿದವನು. ಮೊದಲು ಮೆಸ್‌ಮ್ಯಾನ್, ಆಮೇಲೆ ಕುಕ್. ಆ್ಯಪ್ ಬದಿಗಿಡು. ಮೊದಲು 'ನೆ' ಕಲಿ.

'ನೆ' ಅಂದರೆ ಹೌದು. ನಮ್ಮ ಕಿವಿಗೆ ಅದು ಹಿಂದಿಯ 'ನಹಿ' ಥರ ಕೇಳುತ್ತದೆ. ನನ್ನ ಮೊದಲ ಟ್ರಿಪ್‌ನಲ್ಲಿ ಕ್ಯಾಪ್ಟನ್ ಎದುರು ಸೂಪ್ ಪಾತ್ರೆ ಹಿಡಿದು "ಮೋರ್?" ಎಂದೆ. "ನೆ, ನೆ" ಎಂದರು. ಬೇಡ ಅಂತ ತಿಳಿದು ಅವರ ಬಟ್ಟಲನ್ನೂ ಎತ್ತಿಕೊಂಡು ಹೊರಟೆ. ತಿರುಗಿ ನೋಡಿದರೆ ಚಮಚ ಇನ್ನೂ ಅವರ ಕೈಯಲ್ಲೇ ಇತ್ತು. ಬೇಡ ಅನ್ನುವುದಕ್ಕೆ 'ಓಖಿ'. ಎಷ್ಟೋ ಸಲ ಅದನ್ನೂ ಹೇಳುವುದಿಲ್ಲ, 'ಚ್' ಎಂದು ಹುಬ್ಬು ಏರಿಸುತ್ತಾರೆ. ಅದು ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಕಾಫಿ. ಗ್ರೀಕ್ ಕಾಫಿಯನ್ನು 'ಬ್ರೀಕಿ' ಎಂಬ ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ಮಾಡುತ್ತಾರೆ. ಪುಡಿ, ಸಕ್ಕರೆ, ನೀರು ಮೂರನ್ನೂ ಒಟ್ಟಿಗೆ ಹಾಕಿ ಸಣ್ಣ ಉರಿಯಲ್ಲಿ ಇಡಬೇಕು. ನೊರೆ ಉಬ್ಬಿ ಅಂಚಿಗೆ ಬರುವಾಗ ಇಳಿಸಬೇಕು. ಆ ನೊರೆಗೆ 'ಕೈಮಾಕಿ' ಅನ್ನುತ್ತಾರೆ. ಅದು ಒಡೆದರೆ ಮುಖ ಸಿಂಡರಿಸುತ್ತಾರೆ. ಸಕ್ಕರೆ ಮೊದಲೇ ಬೀಳುವುದರಿಂದ ಮೊದಲೇ ಕೇಳಿಕೊಳ್ಳಬೇಕು: 'ಸ್ಕೇತೊ' ಸಕ್ಕರೆ ಇಲ್ಲದ್ದು, 'ಮೇತ್ರಿಯೊ' ಹದ, 'ಗ್ಲಿಕೋ' ಸಿಹಿ. "ಥೇಲೆತೆ ಕಫೇ?" ಅಂದರೆ ಕಾಫಿ ಬೇಕಾ ಅಂತ, ಮರ್ಯಾದೆಯ ಮಾತು. ನಾನು ಇಷ್ಟರಲ್ಲೇ ಮೂರು ತಿಂಗಳು ಕಳೆದಿದ್ದೇನೆ.

ಉಚ್ಚಾರ ನನಗೆ ಕಷ್ಟ ಆಗಲಿಲ್ಲ. ಮದ್ರಸಾದಲ್ಲಿ ಉಸ್ತಾದರು ಪೆಟ್ಟು ಕೊಟ್ಟು ಕಲಿಸಿದ ಅರಬಿಯ ಖಾ, ಗೈನ್ ಇದೆಯಲ್ಲ, 'ಎಫ್‌ಖರಿಸ್ತೋ'ದ ಖ, 'ಗಾಲಾ'ದ ಗ ಎರಡೂ ಹತ್ತಿರ ಹತ್ತಿರ ಅದೇ. ಎಫ್‌ಖರಿಸ್ತೋ ಅಂದರೆ ಥ್ಯಾಂಕ್ಸ್, ಗಾಲಾ ಅಂದರೆ ಹಾಲು. ನಿನ್ನ ಪಕ್ಕದ ಮನೆಯ ಬ್ಯಾರಿ ಹುಡುಗನ ಹತ್ತಿರ ಹೇಳಿಸಿಕೋ.

ಪೆರ್ಲದ ಟೀಚರ್:
ಇಚ್ಚಾ, ನಿಮ್ಮ ಸೂಪಿನ ಕಥೆಗೆ ನಕ್ಕು ಸಾಕಾಯಿತು. ನಾನು ಹಡಗು ಹತ್ತಿದವಳಲ್ಲ, ಮಗಳ ಜೊತೆ ಸುಮ್ನೆ ಎರಡು ವರ್ಷ ಗ್ರೀಕ್ ಓದಿದ್ದೇನೆ. ವ್ಯಾಕರಣದ ಎರಡು ಮಾತು ಹೇಳುತ್ತೇನೆ.

ಮಲಯಾಳಂನಲ್ಲಿ ನಾನು, ನೀನು, ಅವನು ಯಾರು ಬಂದರೂ 'ವರುನ್ನು' ಒಂದೇ. ಗ್ರೀಕ್ ಹಾಗಲ್ಲ, ಕನ್ನಡದ ಹಾಗೆ. 'ಕಾನೊ' ಮಾಡುತ್ತೇನೆ, 'ಕಾನಿಸ್' ಮಾಡುತ್ತೀಯ, 'ಕಾನಿ' ಮಾಡುತ್ತಾನೆ. ನಾನು, ನೀನು ಅಂತ ಬೇರೆ ಹೇಳಬೇಕಾಗಿಲ್ಲ. ತಲೆ ತಿನ್ನುವುದು ಲಿಂಗ. ಕಾಫಿ ಗಂಡು, ಸಕ್ಕರೆ ಹೆಣ್ಣು, ಹಾಲು ನಪುಂಸಕ! ಕಾರಣ ಹುಡುಕಬೇಡಿ. 'ಒ ಕಫೇಸ್', 'ಇ ಜಾಖರಿ', 'ತೊ ಗಾಲಾ' ಅಂತ ಮುಂದಿನ ತುಂಡಿನ ಜೊತೆಗೇ ಬಾಯಿಪಾಠ ಮಾಡಿ.

ಮಾತಿನಲ್ಲಿ ಒತ್ತಿ ಹೇಳುವ ಜಾಗ ತಪ್ಪಿದರೆ ಅರ್ಥವೇ ಬೇರೆ. 'ಪೋತೆ' ಅಂದರೆ ಯಾವಾಗ, 'ಪೊತೇ' ಅಂದರೆ ಎಂದೂ ಇಲ್ಲ. ಬರೆಯುವಾಗ ಒತ್ತಿ ಹೇಳುವ ಸ್ವರದ ಮೇಲೆ ಗೀಟು ಇರುತ್ತದೆ, ಅದನ್ನು ನೋಡದೆ ಓದಬೇಡಿ.

ಗಡಿನಾಡಿಗ:
ನೀರಿಗೆ ಗ್ರೀಕಿನಲ್ಲಿ 'ನೆರೋ'. ನಮ್ಮ ನೀರೇ ಅಲ್ಲಿಗೆ ಹೋದದ್ದು!

ಪೆರ್ಲದ ಟೀಚರ್:
ಇಲ್ಲ ಮಾರಾಯ್ರೇ. 'ಹೊಸ ನೀರು, ತಾಜಾ ನೀರು' ಎನ್ನುವ ಅವರದೇ ಹಳೆಯ ಮಾತಿನಲ್ಲಿ ತಾಜಾ ಎಂಬ ತುಂಡು ಉಳಿದು ನೆರೋ ಆಗಿದೆ. ನೆನಪಿಡುವುದಕ್ಕೆ ಮಾತ್ರ ನಿಮ್ಮ ಉಪಾಯ ಒಳ್ಳೆಯದೇ. ಗ್ರೀಕ್ ಬಲ್ಲವರು ನಮ್ಮಲ್ಲಿ ಮೊದಲೇ ಇದ್ದರು, ಮಂಜೇಶ್ವರದ ಗೋವಿಂದ ಪೈಗಳು.

ಕುಂಬಳೆಯವ:
ಇಚ್ಚಾ, ಟೀಚರ್, ತುಂಬಾ ಉಪಕಾರ ಆಯಿತು. ಇವತ್ತು ಅಮ್ಮನಿಗೆ "ಥೇಲೆತೆ ಕಫೇ?" ಎಂದೆ. "ಎಂಥದಾ ಅದು, ಚಾ ಇಡು" ಎಂದರು. ಇಚ್ಚಾ, ಇನ್ನೊಂದು: ಕ್ಯಾಪ್ಟನ್‌ರನ್ನು ಹೇಗೆ ಕರೆಯಬೇಕು?

ಉಪ್ಪಳದ ಇಚ್ಚ:
ಅವರ ಬಗ್ಗೆ ಹೇಳುವಾಗ 'ಕಪೆತಾನಿಯೊಸ್', ಎದುರು ಕರೆಯುವಾಗ 'ಕಪೆತಾನಿಯೆ'. ಕೊನೆಯ 'ಒಸ್' ಹೋಗಿ 'ಎ' ಬರುತ್ತದೆ. ಮತ್ತೆ ಇಂಜಿನ್ ರೂಮಿನಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ಒಂದು ಮಾತಿದೆ, ಮ ಅಕ್ಷರದ್ದು. ಅದನ್ನು ಮಾತ್ರ ಅವರ ಎದುರು ಹೇಳಬೇಡ.