ಹಳೆ ಸೀರೆಯಿಂದ ಕೌದಿ: ಎಷ್ಟು ಬಟ್ಟೆ, ಎಷ್ಟು ದಾರ, ಎಲ್ಲಿಂದ ಶುರು?

ಸೂಜಿಮಲ್ಲಿಗೆ:
ರಾತ್ರಿ ಊಟ ಆದಮೇಲಿನ ಒಂದು ಗಂಟೆ ರೀಲ್ಸ್ ನೋಡುವುದರಲ್ಲೇ ಹೋಗುತ್ತಿದೆ. ಆ ಹೊತ್ತನ್ನು ಕೈಕೆಲಸಕ್ಕೆ ಕೊಡಬೇಕು, ಕೊನೆಗೆ ಮನೆಯಲ್ಲಿ ದಿನಾ ಬಳಸುವ ವಸ್ತುವೇ ಆಗಬೇಕು ಅಂತ ಕೌದಿ (ಹಳೆ ಬಟ್ಟೆಯ ಪದರಗಳನ್ನು ಕೂಡಿಸಿ ಹೊಲಿದ ಹೊದಿಕೆ) ಹೊಲಿಯಲು ಹೊರಟಿದ್ದೇನೆ. ಹೊಲಿಗೆ ಮಷೀನ್ ಇಲ್ಲ. ಹಳೆ ಕಾಟನ್ ಸೀರೆ ಎರಡು, ಕಾಟನ್ನೋ ಅಲ್ಲವೋ ಗೊತ್ತಾಗದ್ದು ಒಂದು, ಲುಂಗಿ, ಚೂಡಿದಾರದ ತುಂಡುಗಳು ಇವೆ. ಒಬ್ಬರು ಹೊದೆಯುವಷ್ಟಕ್ಕೆ ಸಾಕೇ? ಯಾವ ಸೂಜಿ, ಯಾವ ದಾರ? ಅಡಿಭಾಗ ಸುಕ್ಕಾಗದಂತೆ ಹೇಗೆ ಹೊಲಿಯುವುದು? ಆನ್‌ಲೈನ್‌ನಲ್ಲಿ ಕ್ವಿಲ್ಟಿಂಗ್ ಕಿಟ್ ಸಿಗುತ್ತದಲ್ಲ, ಅದು ಬೇಕಾಗುತ್ತದಾ?

ದಾರದುಂಡೆ:
ಕಿಟ್ ಬೇಡವೇ ಬೇಡ. ಕೌದಿಯ ಗುಣವೆಲ್ಲ ಇರುವುದು ಒಗೆದೊಗೆದು ಮೆತ್ತಗಾದ ಹತ್ತಿಯಲ್ಲಿ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಮೊದಲ ಸಲ ಒಗೆದಾಗ ಕುಗ್ಗುತ್ತದೆ. ಹಳೆಯದು ಕುಗ್ಗುವಷ್ಟು ಆಗಲೇ ಕುಗ್ಗಿರುತ್ತದೆ, ಸೂಜಿಯೂ ಸಲೀಸಾಗಿ ಇಳಿಯುತ್ತದೆ. ನಿಮ್ಮ ಬೀರುವಿನಲ್ಲಿ ಇರುವುದೇ ಒಳ್ಳೆಯ ಸಾಮಾನು.

ಎರಡು ಸೀರೆ ಸಾಕು, ಆದರೆ ಲೆಕ್ಕ ಹಾಕಿ ತುಂಡು ಮಾಡಿ. ಸೀರೆಯ ಪನ್ನ (ಅಗಲ) ಸುಮಾರು 45 ಇಂಚು, ಉದ್ದ 5.5 ಮೀಟರ್. ಪ್ರತಿ ಸೀರೆಯಲ್ಲೂ 62 ಇಂಚಿನ ಮೂರು ತುಂಡು ಬರುತ್ತದೆ, 30 ಇಂಚು ಉಳಿಯುತ್ತದೆ (ಅದು ತೇಪೆಗೆ). ಆರು ತುಂಡುಗಳನ್ನು ಎರಡೆರಡಾಗಿ ಅಂಚಿಗೆ ಅಂಚು ಜೋಡಿಸಿದರೆ 89×62 ಇಂಚಿನ ಮೂರು ಪದರ ಸಿಕ್ಕಿತು. ಕತ್ತರಿಯಿಂದ ಸಣ್ಣ ಕಚ್ಚು ಮಾತ್ರ ಕೊಟ್ಟು ಕೈಯಲ್ಲಿ ಹರಿಯಿರಿ, ಹತ್ತಿ ಬಟ್ಟೆ ಎಳೆಯ ಗುಂಟ ನೇರ ಹರಿಯುತ್ತದೆ.

ಇಲ್ಲೊಂದು ತೊಂದರೆ ಇದೆ. ಮೂರೂ ಪದರದ ಜೋಡು ನಟ್ಟನಡುವೆ ಒಂದರ ಮೇಲೊಂದು ಬಂದರೆ ಅಲ್ಲಿ ಗಟ್ಟಿ ಏಣು ಏಳುತ್ತದೆ, ಮಲಗಿದಾಗ ಚುಚ್ಚುತ್ತದೆ, ಸೂಜಿಯೂ ಇಳಿಯುವುದಿಲ್ಲ. ಮಧ್ಯದ ಪದರಕ್ಕೆ ಒಂದು ತುಂಡನ್ನು ಉದ್ದಕ್ಕೆ ಎರಡಾಗಿ ಹರಿದು, ಇಡೀ ತುಂಡಿನ ಎಡಕ್ಕೊಂದು ಬಲಕ್ಕೊಂದು ಜೋಡಿಸಿ. ಆಗ ಮಧ್ಯದ ಪದರದ ಜೋಡುಗಳು ಮೇಲಿನ, ಕೆಳಗಿನ ಪದರದ ಜೋಡಿನಿಂದ ದೂರ ಬೀಳುತ್ತವೆ.

ಅಂಚು ಅರ್ಧರ್ಧ ಇಂಚು ಒಳಗೆ ಮಡಚಿ, ಹೊಲಿಗೆಯ ಸೆಳೆತವೂ ಸೇರಿದ ಮೇಲೆ ಕೌದಿ ಸುಮಾರು 85×58 ಇಂಚಿಗೆ ನಿಲ್ಲುತ್ತದೆ. ಅರ್ಧ ಇಂಚಿಗೊಂದರಂತೆ ಉದ್ದಕ್ಕೆ 116 ಸಾಲು. ಒಂಟಿ ಎಳೆಯಾದರೆ ದಾರ 300 ಮೀಟರ್ ಇಟ್ಟುಕೊಳ್ಳಿ, ಎರಡೆಳೆಯಾದರೆ ಅದರ ಇಮ್ಮಡಿ. ಕೈ ಪಳಗಿದ ಮೇಲೆ ಒಂದು ಸಾಲಿಗೆ ಕಾಲು ಗಂಟೆ. ಅಂದರೆ ನಿಮ್ಮ ಆ ಒಂದು ಗಂಟೆಯಲ್ಲಿ ನಾಲ್ಕು ಸಾಲು, ತಿಂಗಳಿಗೆ ಒಂದು ಕೌದಿ. ಪಳಗುವುದಕ್ಕೆ ಮೊದಲು ಲುಂಗಿಯಲ್ಲಿ 24×24 ಇಂಚಿನ ಕೂರುವ ಹಾಸು ಹೊಲಿಯಿರಿ.

ಮಲಪ್ರಭಾ ದಂಡಿ:
ಲೆಕ್ಕ ಬರೋಬ್ಬರಿ ಐತಿ. ಆದ್ರ ಹರಿಯೂಕಿಂತ ಮೊದಲ ಅರಿವಿ ಪರೀಕ್ಷಾ ಮಾಡ್ರಿ. ಆ ಗೊತ್ತಿಲ್ಲದ ಸೀರಿಯಿಂದ ನಾಕ ಎಳಿ ಕಿತ್ತು ಸ್ಟೀಲ್ ತಾಟಿನಾಗ ಸುಡ್ರಿ. ಕಾಗದ ಸುಟ್ಟ ವಾಸನಿ ಬಂದು ಮೆತ್ತನ ಬೂದಿ ಆದ್ರ ಹತ್ತಿ. ಕರಗಿ ಗಟ್ಟಿ ಮಣಿ ಆದ್ರ ಪಾಲಿಯೆಸ್ಟರ್, ಅದನ್ನ ಬಾಜೂಕ ಇಡ್ರಿ. ಅದು ಮಡಚಿದ್ರ ಮಡಿಕಿ ನಿಲ್ಲೂದಿಲ್ಲ, ಪದರಿನಾಗ ಜಾರತೈತಿ, ಬೆವರೂ ಹೀರೂದಿಲ್ಲ. ಆಮ್ಯಾಲೆ ಅರಿವಿ ಹಿಡದು ಎರಡೂ ಹೆಬ್ಬಟ್ಟಿಂದ ಜಗ್ಗಿ ನೋಡ್ರಿ. ಪರ್ ಅಂತ ಹರದ್ರ ಅದು ಒಳಗ ಹಾಕಾಕೂ ಬ್ಯಾಡ. ದಾರ ಹಿಡಕೊಂಡು ಕುಂತ್ರೂ ಅರಿವಿ ಟಾಕಿ (ಹೊಲಿಗಿ) ಸುತ್ತಲೂ ಹರಕೋತ ಹೋಗತೈತಿ.

ಸೂಜಿ ಎರಡ ಇಂಚಿಂದು ಸಾಕು. ದಬ್ಬಣ ತಗೋಬ್ಯಾಡ್ರಿ, ಅದು ಗೋಣಿ ಚೀಲಕ್ಕ. ದಾರ 20 ನಂಬರಿನ ಹತ್ತಿ ದಾರ. ಮಷೀನಿನ ಪಾಲಿಯೆಸ್ಟರ್ ದಾರ ಹಳೆ ಹತ್ತಿಗಿಂತ ಗಟ್ಟಿ, ಜಗ್ಗಿದ್ರ ದಾರಕ್ಕಿಂತ ಮೊದಲ ಅರಿವಿ ಹರೀತೈತಿ. ಒಂದ ಸಲಕ್ಕ 20 ಇಂಚಿಗಿಂತ ಉದ್ದ ದಾರ ಪೋಣಸಬ್ಯಾಡ್ರಿ, ಸಿಕ್ಕಾಗತೈತಿ, ಸೂಜಿ ಕಣ್ಣಿನಾಗ ಸವದು ಹರೀತೈತಿ. ನಡುಬೆರಳಿಗೆ ಅಂಗುಸ್ತಾನ (ಸೂಜಿ ಚುಚ್ಚದಂಗ ಬೆರಳಿಗೆ ಹಾಕೂ ಟೊಪ್ಪಿಗಿ) ಬೇಕ ಬೇಕು.

ಸುಕ್ಕು ಬೀಳೂದು ಹೊಲಿಗ್ಯಾಗ ಅಲ್ಲ, ಹಾಸೂದ್ರಾಗ. ಅಡಿ ಪದರ ನೆಲಕ್ಕ ಬಿಗಿಯಾಗಿ ಹಾಸಿ ನಾಕೂ ಮೂಲಿಗೆ ಭಾರ ಇಡ್ರಿ. ಒಂದೊಂದ ಪದರ ಹಾಸಿದಾಗೂ ಅಂಗೈಲೆ ನಡುವಿನಿಂದ ಹೊರಗ ಸವರ್ರಿ. ನಂತ್ರ ನಡುವಿನಿಂದನ ಶುರು ಮಾಡಿ ಆರಾರ ಇಂಚಿಗೆ ಉದ್ದುದ್ದ ಕಚ್ಚಾ ಟಾಕಿ (ಆಮ್ಯಾಲೆ ಬಿಚ್ಚೂವಂಥಾವು) ಹಾಕ್ರಿ. ಅಂಚಿಂದ ಶುರು ಮಾಡಿದ್ರ ಹೆಚ್ಚಿನ ಅರಿವಿ ನಡುವ ಬಂದು ಉಬ್ಬತೈತಿ. ಪಕ್ಕಾ ಟಾಕಿ ಕಾಲ ಇಂಚಿಂದು. ನಾಕ ಟಾಕಿ ಸೂಜಿಗೆ ತುಂಬಿಸಿ ಎಳದು, ಸಾಲು ಮುಗದ ಕೂಡ್ಲೆ ಉಗುರಲೆ ಸವರಿ ದಾರ ಸಡಲ ಮಾಡ್ರಿ. ಮೂರ ಸಾಲಿಗೊಮ್ಮೆ ತಿರುವಿ ಹಾಕಿ ನೋಡ್ರಿ. ಸುಕ್ಕು ಕಂಡ್ರ ಅಲ್ಲೇ ಬಿಚ್ಚೂದು ಚಲೋ. ಹತ್ತ ಸಾಲು ಆದಮ್ಯಾಲೆ ಬಿಚ್ಚಾಕ ಮನಸ ಬರೂದಿಲ್ಲ.

ಕಾಳಿತೀರ:
ಅಂಚಿನಿಂದ ಶುರು ಮಾಡಿದರೆ ಉಬ್ಬುತ್ತದೆ ಎಂಬುದು ಮೇಲೂ ಇಡೀ ಬಟ್ಟೆ ಹಾಕಿದಾಗ ನಿಜ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಮೂಲೆಯಿಂದಲೇ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ ಒಳಕ್ಕೆ ಬರುತ್ತಾರೆ. ಅಲ್ಲಿ ಉಬ್ಬುವುದಿಲ್ಲ, ಯಾಕೆಂದರೆ ಅಡಿಗೆ ಮಾತ್ರ ಸೀರೆ, ಮೇಲೆ ಬರುವುದೆಲ್ಲ ತುಂಡುಗಳು. ಒಂದು ತುಂಡಿನ ಅಂಚನ್ನು ಕಾಲು ಇಂಚು ಒಳಕ್ಕೆ ಮಡಚಿ, ಹಿಂದಿನ ತುಂಡಿನ ಮೇಲೆ ಸ್ವಲ್ಪ ಏರಿಸಿ ಇಟ್ಟು, ಅಡಿಯ ಸೀರೆ ಸಮೇತ ಹೊಲಿಯುತ್ತಾ ಹೋಗುತ್ತಾರೆ. ಸಡಿಲ ಬಂದಲ್ಲಿ ಮುಂದಿನ ತುಂಡು ಅದನ್ನು ನುಂಗಿಕೊಳ್ಳುತ್ತದೆ. ಮೊದಲೇ ಕಚ್ಚಾ ಹೊಲಿಗೆ ಬೇಕಿಲ್ಲ, ದೊಡ್ಡ ನೆಲವೂ ಬೇಕಿಲ್ಲ, ತೊಡೆಯ ಮೇಲೆ ಇಟ್ಟುಕೊಂಡೇ ನಡೆಯುತ್ತದೆ. ಫ್ಲ್ಯಾಟಿನಲ್ಲಿ ಇರುವವರಿಗೆ ಇದೇ ಅನುಕೂಲ. ಮೂಲೆಗಳಿಗೆ ತ್ರಿಕೋನವಾಗಿ ಮಡಿಸಿದ ತುಂಡುಗಳನ್ನು ಸೇರಿಸುತ್ತಾರೆ, ಅದಕ್ಕೆ ಫೂಲ ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಮುಗಿದದ್ದೇ ಅಲ್ಲ.

ನಿಮ್ಮ ಚೂಡಿದಾರದ ತುಂಡುಗಳು ಹತ್ತಿಯದಾದರೆ ಈ ರೀತಿಗೆ ಹೇಳಿಮಾಡಿಸಿದಂತಿವೆ. ಅಂಗೈಗಿಂತ ಚಿಕ್ಕ ತುಂಡು ಬೇಡ, ಮಡಚಿದ ಅಂಚುಗಳೇ ಹೆಚ್ಚಾಗಿ ಕೌದಿ ಬಿರುಸಾಗುತ್ತದೆ.

ಸೂಜಿಮಲ್ಲಿಗೆ:
ಮೂರನೇ ಸೀರೆ ಕರಗಿ ಮಣಿಯಾಯಿತು, ಬಿಟ್ಟೆ. ಉಳಿದ ಎರಡರಲ್ಲಿ ಕೆಂಪಿನದು ಬಣ್ಣ ಬಿಡುತ್ತದೆ. ಉಪ್ಪು ನೀರಲ್ಲಿ ನೆನೆಸಿದರೆ ನಿಲ್ಲುತ್ತದಾ? ಹೊಲಿದ ಮೇಲೆ ಒಗೆಯುವುದು ಹೇಗೆ?

ದಾರದುಂಡೆ:
ಉಪ್ಪಿನಿಂದ ನಿಲ್ಲುವುದಿಲ್ಲ. ಬಣ್ಣ ಹಾಕುವಾಗ ಬಟ್ಟೆಗೆ ಬಣ್ಣ ಏರಲು ಉಪ್ಪು ನೆರವಾಗುತ್ತದೆ, ಹಾಕಿ ಮುಗಿದ ಬಟ್ಟೆಯಲ್ಲಿ ಸಡಿಲವಾಗಿ ಕೂತ ಬಣ್ಣವನ್ನು ಹಿಡಿದಿಡುವುದಿಲ್ಲ. ಬಿಸಿನೀರು, ಸೋಪಿನಲ್ಲಿ ಆ ಸೀರೆಯೊಂದನ್ನೇ ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ಒಗೆಯಿರಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಕೆಂಪು ಹತ್ತಿದರೆ ಇನ್ನೂ ಮುಗಿದಿಲ್ಲ ಅಂತ. ಎಷ್ಟು ಒಗೆದರೂ ಬಿಡುತ್ತಿದ್ದರೆ ಕೌದಿಗೆ ಬೇಡ, ತಿಳಿಬಣ್ಣದ ಪದರಕ್ಕೆ ಹತ್ತಿದ ಕಲೆ ಹೋಗುವುದಿಲ್ಲ.

ಮುಗಿದ ಕೌದಿಯನ್ನು ತಣ್ಣೀರಲ್ಲಿ ಒಗೆಯಿರಿ, ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ಒದ್ದೆ ಭಾರಕ್ಕೆ ಮೂಲೆಯ ಟಾಕಿ ಕಿತ್ತುಬರುತ್ತದೆ, ಹಾಗಾಗಿ ಕ್ಲಿಪ್ ಹಾಕಿ ನೇತುಹಾಕದೆ ಎರಡು ಹಗ್ಗದ ಮೇಲೆ ಹರವಿ.

ಇನ್ನು ಆ ಒಂದು ಗಂಟೆಯ ವಿಷಯ. ಕೌದಿಯನ್ನು ಬೀರುವಿನಲ್ಲಿ ಮಡಿಸಿಟ್ಟರೆ ತೆಗೆಯುವಷ್ಟರಲ್ಲಿ ಕೈ ಫೋನಿಗೆ ಹೋಗಿರುತ್ತದೆ. ಕೂರುವ ಜಾಗದ ಪಕ್ಕದಲ್ಲೇ ಬುಟ್ಟಿಯಲ್ಲಿಡಿ. ಹಗಲಿನ ಬೆಳಕಿನಲ್ಲೇ ಐದಾರು ಸೂಜಿಗೆ ದಾರ ಪೋಣಿಸಿಟ್ಟರೆ ರಾತ್ರಿ ಕಣ್ಣಿಗೆ ಶ್ರಮ ಕಡಿಮೆ. ಬಲಗೈಯವರಾದರೆ ದೀಪ ಎಡಕ್ಕಿರಲಿ. ಏಳುವಾಗ ಸಾಲು ಮುಗಿಸಿ ಏಳಬೇಡಿ, ಅರ್ಧ ಸಾಲಿನಲ್ಲಿ ಸೂಜಿ ಚುಚ್ಚಿ ಬಿಡಿ, ಮರುದಿನ ಎಲ್ಲಿಂದ ಶುರು ಅಂತ ಹುಡುಕಬೇಕಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿ, ನಿಲ್ಲಿಸಿದ ಜಾಗಕ್ಕೆ ಬಣ್ಣದ ದಾರದ ಗಂಟು ಕಟ್ಟಿ.